ಸುಮ್ಮನೆ ಕೇಳಿದ್ದಕ್ಕೆ

ಹೊಲಿಗೆ ಯಂತ್ರ ರಿಪೇರಿ ಮಾಡಿಕೊಂಡು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಅಂತ ವಾರವೆಲ್ಲ ಬಸ್ಸಿನಲ್ಲಿ ಸುತ್ತುವವನಿಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಆದರೆ ನನಗೆ ಆದದ್ದರಲ್ಲಿ ಅರ್ಧಕ್ಕರ್ಧ ನಾನೇ ಕೇಳಿ ತಂದುಕೊಂಡದ್ದು.

ನಲವತ್ತು ವರ್ಷದವರೆಗೆ ನಾನು ಯಾರನ್ನೂ ಏನೂ ಕೇಳಿದವನಲ್ಲ. ಸೂಜಿ, ಶಟಲ್, ಬೆಲ್ಟು ಬಿಟ್ಟರೆ ಪ್ರಪಂಚದಲ್ಲಿ ಇನ್ನೇನಿದೆ ಅನ್ನೋ ಯೋಚನೆಯೂ ಇರಲಿಲ್ಲ. ಒಂದು ಸಂಜೆ ಮೂರನೇ ಕ್ಲಾಸಿನ ಮಗಳು, "ಅಪ್ಪ, ಹುಣಸೆ ಎಲೆ ಸಂಜೆ ಯಾಕೆ ಮುಚ್ಕೊಳ್ಳುತ್ತೆ?" ಅಂದಳು. "ಸುಮ್ನೆ ಓದ್ಕೊಳಮ್ಮ" ಅಂದೆ. ಒಳಗಿನಿಂದ ನನ್ನ ಹೆಂಡತಿ, "ಗೊತ್ತಿಲ್ಲ ಅನ್ನೋದಕ್ಕೂ ನಿಮ್ಮಪ್ಪನಿಗೆ ಗೊತ್ತಿಲ್ಲ ಕಣೇ" ಅಂದಳು.

ಅದು ಚುಚ್ಚಿತು. ಇನ್ನು ಮೇಲೆ ದಿನಕ್ಕೊಂದು ಹೊಸ ವಿಷಯ ತಿಳಿದುಕೊಂಡೇ ಮನೆಗೆ ಬರುವುದು ಅಂತ ತೀರ್ಮಾನ ಮಾಡಿದೆ.

ಮರದಲ್ಲಿ ಏನಿದೆ?

ಮೊದಲ ಪಾಠ ಹುಣಸೆ ಮರದಿಂದಲೇ ಶುರುವಾಗಲಿ ಅಂತ ಮಾರನೇ ದಿನ ಚಿಂತಾಮಣಿಯಿಂದ ಬರುವಾಗ ದಾರಿಯಲ್ಲೇ ಬಸ್ಸಿಳಿದು, ರಸ್ತೆ ಪಕ್ಕದ ಮರದ ಕೆಳಗೆ ಕತ್ತೆತ್ತಿ ನಿಂತೆ. ಎಲೆ ಮುಚ್ಚುವುದು ನಿಜವಾ, ಎಷ್ಟು ಹೊತ್ತಿಗೆ ಮುಚ್ಚುತ್ತೆ, ಕಣ್ಣಾರೆ ನೋಡಬೇಕು.

ಐದು ನಿಮಿಷಕ್ಕೆ ಒಬ್ಬ ಸೈಕಲ್ ನಿಲ್ಲಿಸಿ ತಾನೂ ಕತ್ತೆತ್ತಿದ. ಆಮೇಲೆ ಸೊಪ್ಪಿನ ಹೊರೆ ಹೊತ್ತ ಇಬ್ಬರು ಹೆಂಗಸರು. ಆಮೇಲೆ ಟೊಮೇಟೊ ತುಂಬಿದ ಒಂದು ಗಾಡಿ. ಯಾರೂ ನನ್ನನ್ನು ಕೇಳಲಿಲ್ಲ, ಒಬ್ಬರನ್ನೊಬ್ಬರು ಕೇಳಿಕೊಂಡರು. ಒಬ್ಬ ಜೇನು ಅಂದ. ಇನ್ನೊಬ್ಬ, "ಹೆಜ್ಜೇನು, ತಲೆ ಮುಚ್ಕೊಳಿ!" ಅಂದ. ಹಿಂದಿನವರಿಗೆ ಅದು ಹೆಬ್ಬಾವು ಅಂತ ಕೇಳಿಸಿತು. ಹೆಂಗಸೊಬ್ಬಳು ಬಾಲವನ್ನೂ ನೋಡಿದಳು. ಬಸ್ಸೊಂದು ನಿಂತು ಡ್ರೈವರೇ ಇಳಿದು ಬಂದ.

ಕೊನೆಗೆ ಒಬ್ಬ ಮುದುಕ ನನ್ನ ಹೆಗಲು ಹಿಡಿದು, "ಮೊದಲು ನೋಡಿದವನು ನೀನಲ್ವಾ? ಏನದು?" ಅಂದ.

"ಎಲೆ ಮುಚ್ಕೊಳ್ತಾ ಇದೆ ತಾತ. ಅದನ್ನೇ ನೋಡ್ತಿದ್ದೆ."

ಅಷ್ಟು ಜನವೂ ಎತ್ತಿದ ಕತ್ತು ಇಳಿಸಿದರು. ಮುದುಕ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅದಕ್ಕೆ ಹೊತ್ತು ಮುಳುಗಿದ್ದು ಗೊತ್ತಾಯ್ತು, ಮಲಕ್ಕೊಳ್ತು. ನಿನಗೂ ಒಂದು ಮನೆ ಇರಬೇಕಲ್ಲಪ್ಪ?" ಅಂದ.

ಬುಟ್ಟಿ

ಕೈವಾರದ ಕಡೆ ಹೋಗುವ ಬಸ್ಸು. ಪಕ್ಕದಲ್ಲಿ ಅಜ್ಜಿ, ಅಜ್ಜಿಯ ಮಡಿಲಲ್ಲಿ ಬಟ್ಟೆ ಕಟ್ಟಿದ ಬುಟ್ಟಿ. ಬುಟ್ಟಿ ಆಗಾಗ ತಾನೇ ಅಲ್ಲಾಡುತ್ತಿತ್ತು.

"ಏನಜ್ಜಿ ಬುಟ್ಟೀಲಿ?" ಅಂದೆ.

"ಹೇಳ್ತೀನಿ ಕಣಪ್ಪ. ನೀನು ಯಾವೂರು ಮೊದ್ಲು?"

ಊರು ಹೇಳಿದೆ. ಯಾರ ಪೈಕಿ, ಹೆಂಡತಿ ಎಲ್ಲಿಯವಳು, ಎಷ್ಟು ಮಕ್ಕಳು, ಒಂದೇ ಯಾಕೆ, ಡಾಕ್ಟರಿಗೆ ತೋರಿಸಿದಿರಾ, ತೋರಿಸಿದರೆ ಏನಂದರು, ಅತ್ತೆಗೂ ಸೊಸೆಗೂ ಆಗುತ್ತಾ ಅಂತೆಲ್ಲ ಕೇಳಿದಳು. ಎಲ್ಲಕ್ಕೂ ಉತ್ತರ ಕೊಟ್ಟೆ. ಹಿಂದಿನ ಸೀಟಿನವರು ಮುಂದಕ್ಕೆ ಬಗ್ಗಿ ಕೇಳಿಸಿಕೊಳ್ಳುತ್ತಿದ್ದರು. ಕೈವಾರ ಬಂತು. ಅಜ್ಜಿ ಬುಟ್ಟಿ ಎತ್ತಿಕೊಂಡು, "ಒಳ್ಳೇವ್ನಪ್ಪ ನೀನು, ಆದ್ರೆ ಮಾತು ಜಾಸ್ತಿ" ಅಂತ ಇಳಿದು ಹೋದಳು.

ಬುಟ್ಟಿಯಲ್ಲಿ ಏನಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಒಂದು ಗೂಡಿನ ನೂಲು

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಒಬ್ಬ ಸಾಹೇಬರ ಮನೆಯಲ್ಲಿ ಹೊಲಿಗೆ ಯಂತ್ರ ಕೆಟ್ಟಿತ್ತು. ರಿಪೇರಿ ಮುಗಿಸಿ, ಬಿಸಿನೀರಿನಲ್ಲಿ ಕುಣಿಯುತ್ತಿದ್ದ ಗೂಡುಗಳನ್ನು ನೋಡುತ್ತಾ, "ಒಂದು ಗೂಡಲ್ಲಿ ನೂಲು ಎಷ್ಟುದ್ದ ಬರುತ್ತೆ?" ಅಂದೆ.

"ಫರ್ಲಾಂಗ್‌ಗಟ್ಟಲೆ ಬರ್ತದೆ ಅಂತಾರೆ. ಮೂವತ್ತು ವರ್ಷ ಆಯ್ತು, ನಾನಂತೂ ಅಳೆದಿಲ್ಲ" ಅಂದರು ಸಾಹೇಬರು. ಅವರ ಕಣ್ಣೂ ಮಿಂಚಿತು. "ನೋಡೇಬಿಡೋಣವಾ?"

ನೀರಲ್ಲಿ ಒಂದೇ ಗೂಡು ಬಿಟ್ಟು ಅದರ ಎಳೆಯ ತುದಿ ನನ್ನ ಬೆರಳಿಗೆ ಕೊಟ್ಟರು. ನಾನು ಹಿಂದು ಹಿಂದಕ್ಕೆ ನಡೆಯುತ್ತಾ ಬಾಗಿಲು ದಾಟಿದೆ, ಗಲ್ಲಿಗಿಳಿದೆ. ಎಳೆ ಎಷ್ಟು ಸಣ್ಣ ಅಂದರೆ ನನ್ನ ಕಣ್ಣಿಗೇ ಕಾಣದು. ಎರಡು ಬೆರಳು ಮುಂದೆ ಚಾಚಿ, "ದಾರಿ ಬಿಡಿ, ಮಧ್ಯ ಬರಬೇಡಿ" ಅನ್ನುತ್ತಾ ಹಿಮ್ಮುಖವಾಗಿ ಹೋದೆ. ಮೇಕೆ ಬಂದರೆ ನಿಂತೆ. ಟೀ ಅಂಗಡಿಯ ಜನ ಗ್ಲಾಸು ಕೆಳಗಿಟ್ಟು ಎದ್ದು ನಿಂತರು. ತಿರುವಿನಲ್ಲಿ ಪೊಲೀಸಿನವನೊಬ್ಬ, "ಏನ್ರೀ ಅದು ಕೈಯಲ್ಲಿ?" ಅಂದ.

"ನೂಲು ಸಾರ್."

ನನ್ನ ಬೆರಳು ನೋಡಿದ. ಮುಖ ನೋಡಿದ. "ಹೋಗಿ, ಹೋಗಿ" ಅಂತ ಮೆತ್ತಗೆ ದಾರಿ ಬಿಟ್ಟ.

ಬಸ್ ಸ್ಟ್ಯಾಂಡ್ ತಲುಪಿದರೂ ಗೂಡು ಮುಗಿಯಲಿಲ್ಲ! ಹೆಮ್ಮೆಯಿಂದ ಓಡಿ ವಾಪಸ್ ಬಂದು, "ಬಸ್ ಸ್ಟ್ಯಾಂಡ್‌ವರೆಗೂ ಬಂತು ಸಾಹೇಬ್ರೆ!" ಅಂದೆ.

ಅವರು ಬಾಗಿಲಲ್ಲೇ ನಿಂತಿದ್ದರು. "ನೂಲು ಹೊಸ್ತಿಲಲ್ಲೇ ಕಡೀತು ಸಾಬ್. ಕೂಗಿದೆ, ಕೇಳಿಸಲಿಲ್ಲ. ನೀವು ಅಷ್ಟು ದೂರ ಏನು ಹಿಡ್ಕೊಂಡು ಹೋದ್ರಿ?"

ಮೀಸೆ

ಗೌರಿಬಿದನೂರಿನಲ್ಲಿ ಕ್ಷೌರದ ಅಂಗಡಿ. ಮೀಸೆ ಸರಿಮಾಡಿಸಲು ಕೂತಿದ್ದೆ. ಕ್ಷೌರಿಕ ಬಲಗಡೆ ಕತ್ತರಿಯಿಟ್ಟ.

"ಯಾವಾಗಲೂ ಬಲಗಡೆಯಿಂದಲೇ ಶುರು ಮಾಡ್ತೀರಲ್ಲ, ಯಾಕೆ?"

ಅವನ ಕೈ ನಿಂತಿತು. ಇಪ್ಪತ್ತು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲವಂತೆ. "ಹೌದಲ್ವಾ?" ಅಂತ ಎಡಗಡೆಗೆ ಬಂದ. ಅದು ಸರಿಹೋಗದೆ ಬಲಕ್ಕೆ ಹೋದ. ಬಲ ಚಿಕ್ಕದಾಯಿತು, ಸಮ ಮಾಡಲು ಎಡ ಕತ್ತರಿಸಿದ. ಎಡ ಇನ್ನೂ ಚಿಕ್ಕದಾಯಿತು. ಕೊನೆಗೆ ಬೆವರು ಒರೆಸಿಕೊಂಡು, "ಸ್ವಾಮಿ, ಪೂರ್ತಿ ತೆಗೆದುಬಿಡ್ಲಾ?" ಅಂದ. ಬೇರೆ ದಾರಿ ಇರಲಿಲ್ಲ.

ನಾಚಿಕೆಯಿಂದ ತಲೆಗೆ ಟವಲ್ ಸುತ್ತಿ ಬಸ್ ಸ್ಟ್ಯಾಂಡಿಗೆ ಬಂದರೆ ಕೈವಾರದ ಕಡೆಯ ನೆಂಟನೊಬ್ಬ ಎದುರಾದ. ನನ್ನ ಬೋಳು ತುಟಿ ನೋಡಿ ಅವನ ಮುಖ ಇಳಿದುಹೋಯಿತು.

"ಯಾವಾಗಾಯ್ತು?"

"ಈಗ, ಬೆಳಿಗ್ಗೆ."

"ತುಂಬಾ ನರಳಬೇಕಾಯ್ತಾ?"

"ಕಾಲು ಗಂಟೆ. ಆಮೇಲೆ ಒಂದೇ ಸಲಕ್ಕೆ ಮುಗೀತು."

"ಪುಣ್ಯವಂತರು" ಅಂತ ನನ್ನ ಕೈ ಅದುಮಿ ಬಸ್ಸು ಹತ್ತಿದ. ಮೀಸೆಗೆ ಇಷ್ಟೊಂದು ಮರುಗುತ್ತಾನಲ್ಲ, ಎಂಥ ಒಳ್ಳೆಯವನು ಅಂದುಕೊಂಡೆ. ನಮ್ಮ ಕಡೆ ಮೀಸೆ ಯಾರು ಸತ್ತಾಗ ತೆಗೆಸುತ್ತಾರೆ ಅನ್ನುವುದು ಆ ಹೊತ್ತಿಗೆ ನನಗೆ ಹೊಳೆಯಲೇ ಇಲ್ಲ.

ಮಾರನೇ ದಿನ ಭಾನುವಾರ. ಮಂಡಿಕಲ್ ಹತ್ತಿರದ ಹಳ್ಳಿಗೆ ಅಪ್ಪನನ್ನು ನೋಡಲು ಹೋಗಿದ್ದೆ. ಅಪ್ಪ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದ, ನಾನು ಪಕ್ಕದಲ್ಲಿ ಕೂತಿದ್ದೆ. ಬೀದಿಯ ಮೂಲೆಯಿಂದಲೇ ಅಳು ಕೇಳಿಸಿತು. ಕೈವಾರದ ಸೋದರತ್ತೆ, ಅಪ್ಪನ ತಂಗಿ! ಒಂದು ಮದುವೆಯಲ್ಲಿ ತನ್ನನ್ನು ಸರಿಯಾಗಿ ಕರೆಯಲಿಲ್ಲ ಅಂತ ಆರು ವರ್ಷದಿಂದ ಅಣ್ಣನ ಮನೆ ಹೊಸ್ತಿಲು ತುಳಿಯದವಳು. ಈಗ ಸೆರಗಲ್ಲಿ ಮುಖ ಮುಚ್ಚಿಕೊಂಡು, ಎದೆ ಬಡಿದುಕೊಂಡು, "ಅಯ್ಯೋ ಅಣ್ಣಾ, ಬಂಗಾರದಂಥ ಅಣ್ಣಾ" ಅನ್ನುತ್ತಾ ಬಂದು ಅಪ್ಪನ ಕಾಲ ಬುಡದಲ್ಲೇ ಕುಸಿದಳು.

ಅಪ್ಪ ಗಾಬರಿಯಿಂದ ಅವರೆಕಾಯಿ ಬದಿಗಿಟ್ಟ. ಅವರಿಬ್ಬರ ಮಾತು ಆಗಾಗ ತೆಲುಗಿಗೆ ಹೊರಳುತ್ತದೆ. "ಎವರಮ್ಮಾ ಪೋಯಿಂದಿ?" ಅಂದ, ಹೋಗಿದ್ದು ಯಾರಮ್ಮಾ ಅಂತ.

ಅತ್ತೆ ಸೆರಗು ತೆಗೆಯದೆ ಬಿಕ್ಕುತ್ತಲೇ, "ನುವ್ವೇ ಅನ್ನಾ!" ಅಂದಳು. ನೀನೇ ಅಣ್ಣಾ!

ಅಪ್ಪ ಒಂದು ಗಳಿಗೆ ಯೋಚಿಸಿದ. "ಹೌದಾ? ಏನಾಗಿತ್ತಂತೆ?"

ಆಗ ಅತ್ತೆ ಸೆರಗು ಸರಿಸಿದಳು. ಅಣ್ಣನನ್ನು ನೋಡಿದಳು, ನನ್ನ ಬೋಳು ತುಟಿ ನೋಡಿದಳು, ಮತ್ತೆ ಅಣ್ಣನನ್ನು ನೋಡಿದಳು. ಕಣ್ಣೀರು ಹಾಗೇ ಇತ್ತು, ದನಿ ಮಾತ್ರ ಬದಲಾಯಿತು. "ಬದುಕಿದ್ದೀನಿ ಅಂತ ಒಂದು ಮಾತು ಹೇಳಿ ಕಳಿಸೋಕಾಗ್ತಿರಲಿಲ್ವಾ ನಿನಗೆ? ಎರಡು ಬಸ್ಸು ಬದಲಾಯಿಸಿ ಬಂದಿದ್ದೀನಿ!"

ಬಯ್ಯುತ್ತಲೇ ಒಳಗೆ ಹೋದಳು, ಬಯ್ಯುತ್ತಲೇ ಒಲೆ ಹಚ್ಚಿದಳು. ನನಗೆ ಎರಡೇಟು ಬೀಳುವುದು ಗ್ಯಾರಂಟಿ ಅಂತ ಚಪ್ಪಲಿ ಹುಡುಕುತ್ತಿದ್ದೆ. ಅಪ್ಪ ಅಡುಗೆಮನೆ ಕಡೆ ಒಮ್ಮೆ ನೋಡಿ, ನನ್ನನ್ನು ಹತ್ತಿರ ಕರೆದು ಕಿವಿಯಲ್ಲಿ ಹೇಳಿದ:

"ಬಂಗಾರದಂಥ ಅಣ್ಣ ಅಂದಾದ್ಮೇಲೆ ಇನ್ನೂ ಏನೋ ಹೇಳೋಕೆ ಹೊರಟಿದ್ಲು ಕಣೋ, ಅಷ್ಟರಲ್ಲಿ ನಾನು ಮಧ್ಯ ಬಾಯಿ ಹಾಕ್ಬಿಟ್ಟೆ. ಮೆತ್ತಗೆ ಹೋಗಿ ಏನದು ಅಂತ ಕೇಳ್ಕೊಂಡು ಬಾ."