ಮರಳಿನಡಿಯ ಕಲ್ಲಣಬೆ

ಮರುಭೂಮಿಗೆ ಹೋದವನಿಗೆ ಅಣಬೆಯ ಕಾಟ ಇರುವುದಿಲ್ಲ ಎಂದು ತಿಳಿದವರು ತೊಂಬತ್ತರ ದಶಕದಲ್ಲಿ ಗಲ್ಫಿನ ದಮ್ಮಾಮಿನ ನಮ್ಮ ರೂಮಿಗೆ ಬರಬೇಕಿತ್ತು. ಮಳೆ ಬಿದ್ದು ಗುಡುಗಿದ ವರ್ಷ, ಚಳಿಗಾಲ ಮುಗಿಯುವುದರೊಳಗೆ ನಮ್ಮಲ್ಲೊಬ್ಬರ ಹೊಟ್ಟೆಗೆ ಗ್ರಹಚಾರ ಕಾದಿರುತ್ತಿತ್ತು. ನಾವು ಮೂವರು: ಗೋದಾಮು ನೋಡಿಕೊಳ್ಳುವ ನಾನು, ಮೈಸೂರಿನ ಇಂಜಿನಿಯರ್, ಮೆಸ್ಸಿನಲ್ಲಿ ಅಡುಗೆ ಮಾಡುವ ಉಳ್ಳಾಲದ ಕಾಕ.

ಒಂದು ತುತ್ತು

ಗೋದಾಮಿನ ಕಾವಲಿಗೆ ಮರುಭೂಮಿಯಲ್ಲೇ ಬೆಳೆದ ಒಬ್ಬ ಮುದುಕನಿದ್ದ. ಒಮ್ಮೆ ಮರಳು ಅಗೆದು ತೆಗೆದ ಫಗಾ ಎಂಬ ಅಣಬೆ ತಂದುಕೊಟ್ಟ. ಸಣ್ಣ ಆಲೂಗಡ್ಡೆಯ ಹಾಗಿತ್ತು. ಕಾಕನ ಕಣ್ಣು ತುಂಬಿತು.

"ಇದು ನಮ್ಮ ಕಲ್ಲಣಬೆಯೇ ಮಾರಾಯ!" ನಮ್ಮ ಕರಾವಳಿಯಲ್ಲಿ ಗುಡುಗಿದಾಗ ಮಣ್ಣಿನಡಿ ಏಳುವ ಗುಂಡನೆಯ ಅಣಬೆ ಅದು.

ಇದೇ ರೂಪದ ವಿಷದ್ದೂ ಇದೆ, ನನಗೆ ತೋರಿಸದೆ ತಿನ್ನಬೇಡಿ ಎಂದು ಮುದುಕ ಅರ್ಧ ಗಂಟೆ ಬುದ್ಧಿ ಹೇಳಿದ. ಕಾಕ ಅಷ್ಟರಲ್ಲಿ ತೆಂಗಿನಕಾಯಿ, ಮೆಣಸು ಹುರಿದು ಖಾರದ ಒಣ ಪಲ್ಯ ಸುಕ್ಕ ಮಾಡಿ ಅವನಿಗೇ ಮೊದಲು ಬಡಿಸಿದ. ಉಪ್ಪು ಹಾಕಿ ಬೇಯಿಸಿ ತಿಂದೇ ಅಭ್ಯಾಸವಿದ್ದ ಮುದುಕ ಒಂದು ತುತ್ತು ತಿಂದು ಒಂದು ಜಗ್ ನೀರು ಕುಡಿದ.

"ಮರಳಿನಲ್ಲಿರುವ ವಿಷ ಪರವಾಗಿಲ್ಲ," ಎಂದ. "ನಿಮ್ಮ ಮಸಾಲೆ ಡಬ್ಬಿಯಲ್ಲಿರುವುದಕ್ಕೆ ಹೆದರಬೇಕು."

ಬೆಳ್ಳಿಯ ಪರೀಕ್ಷೆ

ಮರುವರ್ಷ ಕಾಕ ತಾನೇ ಅಗೆದು ತಂದ. ಇಂಜಿನಿಯರ್ ಬಿಡಲಿಲ್ಲ. "ಸುಮ್ನಿರಿ ಕಾಕ, ಬೆಳ್ಳಿ ಹಾಕಿದ್ರೆ ವಿಷ ಗೊತ್ತಾಗತ್ತೆ, ಕಪ್ಪಾಗತ್ತೆ."

ಆ ಪರೀಕ್ಷೆ ಶುದ್ಧ ಸುಳ್ಳು ಎಂದು ಆಮೇಲೆ ಡಾಕ್ಟರು ಹೇಳಿದರು. ಆದರೆ ಆಗ ನಮಗಿದ್ದ ಚಿಂತೆ ಬೆಳ್ಳಿ ಎಲ್ಲಿಂದ ತರುವುದು ಎನ್ನುವುದು. ಇಂಜಿನಿಯರ್ ಬಾತ್‌ರೂಮಿಗೆ ಹೋಗಿ ಬಂದು, ಕುದಿಯುವ ಪಾತ್ರೆಗೆ ತನ್ನ ಸೊಂಟದ ಬೆಳ್ಳಿ ಉಡಿದಾರ ಇಳಿಬಿಟ್ಟ. ಹತ್ತು ನಿಮಿಷವಾದರೂ ಬೆಳ್ಳಿ ಥಳಥಳ ಹೊಳೆಯುತ್ತಿತ್ತು.

"ನೋಡಿ, ವಿಷ ಇಲ್ಲ!"

ಕಾಕ ಒಲೆ ಆರಿಸಿದ. "ವಿಷ ಇಲ್ಲ, ಸರಿ. ಇನ್ನು ಇದನ್ನು ತಿನ್ನುವವರು ಯಾರು ಇಂಜಿನಿಯರ್ರೇ?"

ಕಾಕನ ಕೊನೆಯ ಮಾತು

ಮೂರನೆಯ ಸಲ ನಗು ಬರಲಿಲ್ಲ. ಕಾಕ ಹೊಸ ಕಡೆಯಿಂದ ಒಂದಿಷ್ಟು ತಂದ. ಕೊಯ್ದರೆ ಒಳಗೆ ಕಪ್ಪು. "ಸ್ವಲ್ಪ ಬಲಿತಿದೆ, ಎಂತ ಆಗುವುದಿಲ್ಲ," ಎಂದು ಮುದುಕನಿಗೂ ತೋರಿಸದೆ ಬೇಯಿಸಿ ಒಬ್ಬನೇ ತಿಂದ. ಎರಡು ಗಂಟೆಯೊಳಗೆ ವಾಂತಿ, ಬೆವರು. ಆಸ್ಪತ್ರೆಗೆ ಎತ್ತಿಕೊಂಡು ಓಡಿದೆವು. ಉಳಿದ ಚೂರು ನೋಡಿದ ಮುದುಕ, ಇದು ಫಗಾ ಅಲ್ಲವೇ ಅಲ್ಲ ಎಂದು ತಲೆ ಚಚ್ಚಿಕೊಂಡ. ಡಾಕ್ಟರು ರಕ್ತ ತೆಗೆದು, ಎರಡು ದಿನ ಕಾಯಬೇಕು ಎಂದರು. ನನಗೆ ನಿಜವಾಗಿ ಭಯವಾಯಿತು. ಆ ಮನುಷ್ಯನಿಲ್ಲದ ರೂಮನ್ನು ನೆನೆಸಿಕೊಳ್ಳಲೂ ಆಗಲಿಲ್ಲ.

ಎರಡನೆಯ ದಿನ ಕಾಕ ಕೈಸನ್ನೆ ಮಾಡಿ ಕರೆದ. ಹೆಂಡತಿ ಮಕ್ಕಳಿಗೆ ಏನೋ ಹೇಳಬೇಕೆಂದಿದ್ದಾನೆ ಎಂದು ಇಂಜಿನಿಯರ್ ಕಣ್ಣೊರೆಸಿಕೊಂಡು ಹೊರಗೆ ಹೋದ. ನಾನು ಬಗ್ಗಿದೆ.

"ಮಾರಾಯ, ನಾನು ಉಳಿಯುವುದಿಲ್ಲ. ಒಳ್ಳೆಯ ಫಗಾ ಸಿಗುವ ಜಾಗ ಒಂದು ಉಂಟು. ಯಾರಿಗೂ ಹೇಳಿಲ್ಲ. ನಿನಗೆ ಮಾತ್ರ." ನಮ್ಮ ಕಡೆ ಕಲ್ಲಣಬೆಯ ಜಾಗವನ್ನು ಯಾರೂ ಸ್ವಂತ ತಮ್ಮನಿಗೂ ಹೇಳುವುದಿಲ್ಲ. ನನಗೆ ಅಳು ಬಂತು.

"ಹೈವೇಯಲ್ಲಿ ಪೆಟ್ರೋಲ್ ಪಂಪ್ ದಾಟಿ ಎಡಕ್ಕೆ ತಿರುಗು. ಮುರಿದ ನೀರಿನ ಟ್ಯಾಂಕ್ ಉಂಟು. ಅಲ್ಲಿಂದ..."

ಡಾಕ್ಟರು ಒಳಗೆ ಬಂದರು. "ರಿಪೋರ್ಟ್ ಎಲ್ಲ ಸರಿ ಇದೆ. ನಾಳೆ ಮನೆಗೆ ಹೋಗಬಹುದು."

ನಾನು ಕಾಕನ ಕೈ ಹಿಡಿದುಕೊಂಡೆ. "ಅಲ್ಲಿಂದ ಎಲ್ಲಿಗೆ ಕಾಕ?"

ಕಾಕ ಕಂಬಳಿಯನ್ನು ಗಲ್ಲದವರೆಗೆ ಎಳೆದುಕೊಂಡ.

"ಅಲ್ಲಿಂದ ವಾಪಸ್ ಬಾ."