ಕುರಿಯ ತುಪ್ಪಟವನ್ನು ತಲೆಗೂದಲೆಂದು ತೀರ್ಮಾನಿಸಿದವರಿಗೆ

ಬಂದರಿನ ಸುಂಕದ ಕಚೇರಿಯ ಮಾನ್ಯ ಅಧಿಕಾರಿಗಳೇ,

ಹಿರಿಯೂರು ತಾಲ್ಲೂಕಿನ ನಮ್ಮ ಕುರಿಗಾರರ ಸಂಘದ ಅರವತ್ತು ಮನೆಗಳ ಪರವಾಗಿಯೂ ಸುಮಾರು ಮೂರು ಸಾವಿರ ಕುರಿಗಳ ಪರವಾಗಿಯೂ ತಮಗೆ ವಂದನೆಗಳು. ಕುರಿಗಳ ವಂದನೆಯನ್ನು ವಿಶೇಷವಾಗಿ ಸ್ವೀಕರಿಸಬೇಕು. ಅವುಗಳನ್ನು ಮನುಷ್ಯರ ಸಾಲಿನಲ್ಲಿ ಕೂರಿಸಿದ ಅಧಿಕಾರಿ, ನಮಗೆ ತಿಳಿದಂತೆ, ತಾವೊಬ್ಬರೇ.

ವಿಷಯ ತಮಗೆ ಗೊತ್ತಿದ್ದರೂ ಇದನ್ನು ಪತ್ರಿಕೆಯಲ್ಲಿ ಓದುವವರಿಗಾಗಿ ಹೇಳುತ್ತೇನೆ. ನಮ್ಮ ಮಾರಣ್ಣ ನಲವತ್ತು ವರ್ಷ ಕತ್ತರಿ ಹಿಡಿದು ಊರೂರ ಕುರಿಗಳ ತುಪ್ಪಟ ತೆಗೆದವನು. 1973ರಲ್ಲಿ ಅವನ ಬಲಗೈ ಹೆಬ್ಬೆರಳು ಮಡಚದಾಯಿತು. ಇನ್ನು ಕತ್ತರಿ ಮುಟ್ಟಬೇಡವೆಂದು ಚಿತ್ರದುರ್ಗದ ಡಾಕ್ಟರು ಹೇಳಿದರು. ಬೇರೆ ಕೆಲಸ ಅರಿಯದ ಅವನಿಗಾಗಿ, ಕೈ ಸೋಲುತ್ತಿದ್ದ ಇನ್ನೂ ಏಳು ಮಂದಿಗಾಗಿ, ಸಂಘವು ಹೊರದೇಶದ ಒಂದು ಯಂತ್ರ ತರಿಸಿತು. ಒಬ್ಬರು ಚಕ್ರ ತಿರುಗಿಸಿದರೆ ಇನ್ನೊಬ್ಬರು ಎಡಗೈಯಲ್ಲೇ ತುಪ್ಪಟ ತೆಗೆಯಬಹುದು. ಒಂದೂವರೆ ವರ್ಷ ಕಾದು ಪಡೆದ ಆಮದು ಲೈಸೆನ್ಸಿನಲ್ಲಿ ‘ಪಶುಪಾಲನೆಯ ಯಂತ್ರ’ ಎಂದಿತ್ತು. ಪೆಟ್ಟಿಗೆ ತೆರೆಸಿದ ತಾವು ‘ಕೂದಲು ಕತ್ತರಿಸುವ ಶೃಂಗಾರ ಸಾಧನ’ ಎಂದು ಬರೆದಿರಿ. ಲೈಸೆನ್ಸು ಒಂದಕ್ಕೆ, ಬಂದ ಮಾಲು ಇನ್ನೊಂದು, ಆದ್ದರಿಂದ ಜಪ್ತಿ.

ಮಾರಣ್ಣನನ್ನು ಕರೆದುಕೊಂಡು ನಾನು ತಮ್ಮ ವಿಚಾರಣೆಗೆ ಬಂದೆ. ತಾವು ಕೂರಿಸಲಿಲ್ಲ, ನಿಂತೇ ಬೆಳೆದವರಾದ್ದರಿಂದ ನಮಗೆ ಬೇಸರವಾಗಲಿಲ್ಲ. ಮಾರಣ್ಣ ಕೈಮುಗಿದು, “ಸ್ವಾಮಿ, ನಮ್ ಕುರಿ ಸಲೂನಿಗೆ ಹೋಗಲ್ಲ, ಕನ್ನಡೀನೂ ನೋಡಲ್ಲ. ಮೈಮ್ಯಾಗೆ ಹೊರೆ ಆಗೈತೆ, ಇಳಿಸ್ಬೇಕು ಅಷ್ಟೇ” ಎಂದ. ಕನ್ನಡ ಬಲ್ಲ ತಮ್ಮ ಗುಮಾಸ್ತರು, “ತುಪ್ಪಟ ಅಂದ್ರೆ ಕೂದಲೇ ತಾನೆ?” ಎಂದು ಕೇಳಿದರು. ಸುಳ್ಳು ಬಾರದ ಮಾರಣ್ಣ, “ಹೌದ್ರಿ, ಕುರಿ ಕೂದ್ಲು” ಎಂದುಬಿಟ್ಟ. ಅರ್ಜಿದಾರರೇ ಒಪ್ಪಿಕೊಂಡಿದ್ದಾರೆಂದು ತಾವು ಕೂಡಲೇ ಬರೆದುಕೊಂಡ ಚುರುಕನ್ನು ನಾನು ಜೀವನಪರ್ಯಂತ ಮರೆಯಲಾರೆ. ಊರಿಗೆ ಮರಳುವ ರೈಲು ಅರಸೀಕೆರೆ ದಾಟಿದ ಮೇಲೆ ಮಾರಣ್ಣ, “ನಾನೇ ಕೆಡಿಸ್ದೆ ಅಲ್ವೇನಪ್ಪ” ಎಂದ. ಅಲ್ಲವೆಂದೆ; ಅವನು ನಂಬಲಿಲ್ಲ.

ಮೇಲ್ಮನವಿ ಹಾಕಿದೆವು. ಎಂಟು ತಿಂಗಳಿಗೆ ಯಂತ್ರ ಬಿಡುಗಡೆಯಾಗಿ ಊರು ಸೇರಿತು. ಆದರೆ ಅದರ ಬಾಯಿಗೆ ಹಾಕುವ ಹಲ್ಲಿನ ಅಲಗು ಮಾತ್ರ ಪೆಟ್ಟಿಗೆಯಲ್ಲಿರಲಿಲ್ಲ. ತಯಾರಕರ ಪಟ್ಟಿಯಲ್ಲಿ ಆ ಭಾಗದ ಹೆಸರು ‘ಬಾಚಣಿಗೆ’ ಎಂದಿರುವುದರಿಂದಲೂ, ಬಾಚಣಿಗೆಗಳು ದೇಶದಲ್ಲೇ ಧಾರಾಳವಾಗಿ ತಯಾರಾಗುವುದರಿಂದಲೂ, ಅದನ್ನು ತಡೆಹಿಡಿಯಲಾಗಿದೆ ಎಂಬ ತಮ್ಮ ಚೀಟಿ ಇತ್ತು. ಸಂತೆಯಿಂದ ಒಂದು ಬಾಚಣಿಗೆ ತಂದು ಸಿಕ್ಕಿಸಿ ನೋಡಿದೆವು, ಮಾನ್ಯರೇ. ಆಜ್ಞೆಯನ್ನು ಪಾಲಿಸದೆ ದೂರುವವರು ನಾವಲ್ಲ.

ಆ ದಿನ ಮಾರಣ್ಣ ಚಕ್ರವನ್ನು ಸುಮ್ಮನೆ ತಿರುಗಿಸುತ್ತ ಕೂತಿದ್ದ. ಅವನ ಹೆಂಡತಿ ದುರುಗಕ್ಕ ಒಳಗಿನಿಂದ ಹಳೆಯ ಕತ್ತರಿ ತಂದು, “ಒಂದು ಹಿಡಿ ನೀವು ಹಿಡೀರಿ, ಇನ್ನೊಂದು ನಾನ್ ಹಿಡ್ಕಂತೀನಿ. ಕುರಿ ಕಾಯ್ತಾ ಅವೆ” ಎಂದಳು. ದಿನಕ್ಕೆ ಮೂವತ್ತು ಕುರಿ ಮುಗಿಸುತ್ತಿದ್ದವನು ಈಗ ಹೆಂಡತಿಯೊಡನೆ ಆರು ಮುಗಿಸುತ್ತಾನೆ. ಒಂದೇ ಕತ್ತರಿಯನ್ನು ಇಬ್ಬರು ಹಿಡಿದಾಗ ಮೊದಮೊದಲು ಕುರಿಗೂ ಗಾಯ, ಇವರಿಗೂ ಗಾಯ. ಈಗ ಗಾಯವಿಲ್ಲ.

ಆದ್ದರಿಂದ ನಮ್ಮ ಪ್ರಾರ್ಥನೆ ಇಷ್ಟೇ: ಬಾಚಣಿಗೆಯನ್ನು ಕಳಿಸಬೇಕು, ಆಗದಿದ್ದರೆ, ತಾವು ಮಾನ್ಯ ಮಾಡಿದ ಸ್ಥಾನಮಾನಕ್ಕೆ ತಕ್ಕಂತೆ ಪ್ರತಿ ಕುರಿಗೂ ಒಂದು ಕನ್ನಡಿ, ಒಂದು ಕುರ್ಚಿ, ಒಂದು ಪಡಿತರ ಚೀಟಿ ಮಂಜೂರು ಮಾಡಬೇಕು.

ತಮ್ಮ ತೀರ್ಮಾನಕ್ಕೆ ಕತ್ತು ಬಾಗಿಸಿರುವ ತಮ್ಮ ವಿಶ್ವಾಸಿ,
ಚಿತ್ರಲಿಂಗಪ್ಪ, ಸಂಘದ ಕಾರ್ಯದರ್ಶಿ

ಮರೆತ ಮಾತು: ತಮ್ಮ ಕಚೇರಿಯ ಕಾವಲುಗಾರರಿಗೆ ಹನ್ನೆರಡು ಕಂಬಳಿ ಬೇಕೆಂಬ ಪತ್ರ ಮೊನ್ನೆ ತಲುಪಿತು. ಕಳಿಸಿದ್ದೇವೆ. ಕೂದಲಿನಿಂದಾದ ವಸ್ತುವಾದ್ದರಿಂದ, ತಮ್ಮ ಆಜ್ಞೆಗೆ ಅನುಸಾರವಾಗಿ, ರೈಲಿನ ರಸೀದಿಯಲ್ಲಿ ‘ಚೌರಿ, ಹನ್ನೆರಡು’ ಎಂದು ಬರೆಸಿದ್ದೇವೆ. ಹೊದೆಯುವುದು ನಿಯಮಕ್ಕೆ ವಿರುದ್ಧವಾದೀತು. ಜಡೆಗೆ ಸೇರಿಸಿ ಹೆಣೆದುಕೊಳ್ಳಲು ಅಡ್ಡಿಯಿಲ್ಲ.