ಜತ್ತದ ಡೊಳ್ಳಿಗೆ ಮುಂಬಯಿಯ ಟಿಕೀಟು

ನಮ್ಮ ಡೊಳ್ಳನ್ನು ಜತ್ತದ ಬಯಲಿನಲ್ಲಿ ಬಾರಿಸಗೊಡಲಿಲ್ಲ. ಅದು ತಪ್ಪು. ಅದೇ ಡೊಳ್ಳನ್ನು ಮುಂಬಯಿಗೆ ಕರೆಸಿ, ಕುರ್ಚಿ ಹಾಕಿ, ಟಿಕೀಟು ಹರಿದು ಕೇಳಿದರು. ಅದು ಇನ್ನೂ ದೊಡ್ಡ ತಪ್ಪು.

"ನಿನಗ ಮುಂಬಯಿ ಮ್ಯಾಲೆ ಹೊಟ್ಟಿಕಿಚ್ಚು" ಎಂದು ಮಂದಿ ಅನ್ನುತ್ತಾರೆ. ಇದೆ. ಇಲ್ಲವೆಂದು ಯಾಕೆ ಹೇಳಲಿ? ಬೇಸಿಗೆಯಲ್ಲಿ ಮನುಷ್ಯ ಮನುಷ್ಯನಾಗುವುದು ಹೊತ್ತು ಮುಳುಗಿದ ಮೇಲೆಯೇ. ಆ ಹೊತ್ತಿಗೆ ಮುಂಬಯಿಯವನು ಅಂಗಿ ಬದಲಿಸಿ ಹಾಡು ಕೇಳಲು ಹೊರಡುತ್ತಾನೆ. ಜತ್ತದವನು ಅಂಗಳದಲ್ಲಿ ಕೌದಿ ಹಾಸಿ ಚುಕ್ಕಿ ನೋಡುತ್ತ ಬಿದ್ದಿರುತ್ತಾನೆ. ಅವೇ ಚುಕ್ಕಿಗಳು. ನಿನ್ನೆ ಇದ್ದಲ್ಲೇ ಇವತ್ತೂ ಇರುತ್ತವೆ.

ನಾನು ಮೋಟಾರ್ ಸ್ಟ್ಯಾಂಡಿನ ಹತ್ತಿರ ಸೈಕಲ್ ರಿಪೇರಿ ಅಂಗಡಿ ಇಟ್ಟವನು. ಎರಡು ವರ್ಷ ಸಾಲೆ ಕಲಿತೆ. ಉಳಿದದ್ದನ್ನು ಕಿರಾಣಿ ಪುಡಿಕೆ ಬಿಚ್ಚಿದ ಹಳೆಯ ಕನ್ನಡ, ಮರಾಠಿ ಪತ್ರಿಕೆಗಳಿಂದ ಓದಿಕೊಂಡೆ. ಈ ಡೊಳ್ಳಿನ ಜಗಳ ಕೈಗೆತ್ತಿಕೊಂಡ ದಿನದಿಂದ ನನ್ನ ಒಂದು ಬೇಸಿಗೆಯೂ ನೆಟ್ಟಗೆ ದಾಟಿಲ್ಲ. ನಾನು ಸಿಟ್ಟಿನಿಂದ ಮನೆ ಬಿಡುತ್ತೇನೆ, ನೋಡಿದವರು ನಗುತ್ತ ಮನೆಗೆ ಹೋಗುತ್ತಾರೆ. ನೀವೂ ನಗಿರಿ. ಆದರೆ ಕಡೆಯ ಸಾಲಿನವರೆಗೆ ಓದಿರಿ.

೧. ಷಡ್ಡಕ ತಂದ ಬರ್ಫ

ನನ್ನ ಹೆಂಡತಿಯ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ, ಮುಂಬಯಿಯ ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದ. ಪ್ರತಿ ಬೇಸಿಗೆ ಎಂಟು ದಿನ ನಮ್ಮ ಮನೆಗೆ ಬರುತ್ತಿದ್ದ. ಬಂದವನು ಸಂಜೆ ಕಟ್ಟೆಯ ಮೇಲೆ ಕುಳಿತನೆಂದರೆ ಓಣಿಯೆಲ್ಲ ಸುತ್ತಲೂ ಕೂಡುತ್ತಿತ್ತು. ಸಮುದ್ರದ ಗಾಳಿ, ರಸ್ತೆಯುದ್ದಕ್ಕೂ ದೀಪ, ಒಂಬತ್ತಕ್ಕೆ ಶುರುವಾಗಿ ಎರಡಕ್ಕೆ ಮುಗಿಯುವ ನಾಟಕ, ಬರ್ಫ ಹಾಕಿದ ಸರಬತ್ತು. ಅವನು ಹೇಳುತ್ತಿದ್ದ, ನನ್ನ ಹೆಂಡತಿ ಬಾಯಿ ತೆರೆದು ಕೇಳುತ್ತಿದ್ದಳು. ನಾನು ರೊಟ್ಟಿ ಕೇಳಿದರೆ ಮಾತ್ರ ಅವಳಿಗೆ ಕೇಳಿಸುತ್ತಿರಲಿಲ್ಲ.

ಒಂದು ವರ್ಷ ಅವನು ಬರ್ಫವನ್ನೇ ತಂದ. ಮಿರಜದಲ್ಲಿ ರೈಲು ಇಳಿದು ಒಂದು ಗಡ್ಡೆ ಕೊಂಡು, ಕಟ್ಟಿಗೆಯ ಹೊಟ್ಟಿನಲ್ಲಿ ಹುಗಿದು, ತಗಡಿನ ಡಬ್ಬಿಯಲ್ಲಿ ಹಾಕಿ ಮೋಟಾರು ಹತ್ತಿದ್ದ. ವೈಶಾಖದ ಬಿಸಿಲು. ಜತ್ತಕ್ಕೆ ಬಂದು ಡಬ್ಬಿ ತೆರೆದರೆ ಒಳಗೆ ನೀರು, ನೀರಿನ ಮೇಲೆ ಹೊಟ್ಟು.

"ಕರಗೇತಿ" ಎಂದ ಷಡ್ಡಕ, ಮುಖ ಸಣ್ಣದು ಮಾಡಿಕೊಂಡು.

"ಕರಗಿದ್ರೇನಾತು? ಬರ್ಫದ ನೀರಲ್ಲೇನು?" ಎಂದಳು ನನ್ನ ಹೆಂಡತಿ. ಅರಿವೆಯಲ್ಲಿ ಸೋಸಿ, ಓಣಿಯವರಿಗೆಲ್ಲ ಅರ್ಧರ್ಧ ಲೋಟ ಹಂಚಿದಳು. ನೀರು ಉಗುರುಬೆಚ್ಚಗಿತ್ತು. ಆದರೆ ಕುಡಿದವರೆಲ್ಲ ಕಣ್ಣು ಮುಚ್ಚಿ "ಆಹಾ, ಏನು ತಣ್ಣಗ ಐತ್ರಿ!" ಎಂದರು. ಎದುರು ಮನೆಯ ಅಜ್ಜಿಗೆ ಹಲ್ಲು ಝುಮ್ಮೆಂದವಂತೆ. ಆಕೆಗೆ ಹಲ್ಲೇ ಇರಲಿಲ್ಲ.

"ಇದು ನಮ್ಮ ಬಾವಿ ನೀರಿಗಿಂತ ಬಿಸಿ ಐತಿ. ಮುಂಬಯಿ ಹೆಸರು ಹೇಳಿದ್ರ ಕಾಯ್ದ ನೀರೂ ತಂಪು ಆಗ್ತದೇನು?" ಎಂದು ನಾನು ಕೂಗಾಡಿದೆ. ಅಂಥ ನೀರನ್ನು ಮುಟ್ಟಿಯೂ ನೋಡಲಿಲ್ಲವೆಂದು ನಾಲ್ಕು ದಿನ ಊರೆಲ್ಲ ಹೇಳಿಕೊಂಡು ತಿರುಗಿದೆ.

ಎರಡು ಲೋಟ ಕುಡಿದಿದ್ದೆ.

೨. ಎಷ್ಟು ದೂರ ಕೇಳಿಸ್ತದ?

ಆ ಬೇಸಿಗೆಯೇ ನಾನು ತೀರ್ಮಾನಿಸಿದೆ: ನಮ್ಮ ಊರಲ್ಲೂ ಸಂಜೆಗಳು ಆಗಬೇಕು. ಬೇಸಿಗೆಯ ಪ್ರತಿ ಶನಿವಾರ ಬಯಲಿನಲ್ಲಿ ಡೊಳ್ಳು, ಭಜನೆ, ಹಾಡು. ಜತ್ತದ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದು ಕೆಲವು ವರ್ಷವಾಗಿತ್ತು. ಬಾರಿಸುವುದಕ್ಕೂ ಕೂಗುವುದಕ್ಕೂ ಪರವಾನಗಿ ಬೇಕಿತ್ತು. ಅರ್ಜಿ ಬರೆದೆ.

ಡೊಳ್ಳಿಗೆ ಹತ್ತಿರದ ಹಳ್ಳಿ ಬೆಳುಂಕಿಯ ಮುತ್ಯಾ. ಕುರಿ ಕಾಯುವವನು, ಆರು ಮಂದಿಯ ಮೇಳದ ಹಿರಿಯ. ಅವನು ಡೊಳ್ಳು ಕೊರಳಿಗೆ ಹಾಕಿದರೆ ಎಪ್ಪತ್ತರ ಮುದುಕ ಎಂದು ಯಾರೂ ಅನ್ನುತ್ತಿರಲಿಲ್ಲ. ಪರವಾನಗಿ ಕೊಡುವ ಸಾಹೇಬರ ಮುಂದೆ ಅವನನ್ನೂ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಪಾಠ ಹೇಳಿದೆ: "ಮುತ್ಯಾ, ಸಪ್ಪಳಾ ಭಾಳ ಆಗ್ತದೇನು ಅಂತ ಕೇಳ್ತಾರ. ಅಂಗಳಾ ದಾಟೂದಿಲ್ರಿ ಅನ್ನು. ಅಷ್ಟೇ ಅನ್ನು."

"ಅಷ್ಟೇ ಅಂತೀನಿ ತಮ್ಮಾ."

ಸಾಹೇಬರು ಧಾರವಾಡ ಕಡೆಯವರು, ನಮ್ಮ ಭಾಷೆಯವರೇ. ಅರ್ಜಿ ಓದಿದರು. ಕನ್ನಡಕ ತೆಗೆದರು. "ಅಜ್ಜಾ, ನಿನ್ನ ಡೊಳ್ಳು ಎಷ್ಟು ದೂರ ಕೇಳಿಸ್ತದ?"

ಮುತ್ಯಾ ನನ್ನನ್ನು ನೋಡಿದ. ಸಾಹೇಬರನ್ನು ನೋಡಿದ. ಅವನ ಎದೆ ಉಬ್ಬುವುದನ್ನು ನಾನು ಕಣ್ಣಾರೆ ಕಂಡೆ.

"ಸಾಹೇಬ್ರ, ಬೆಳುಂಕ್ಯಾಗ ಬಾರಿಸಿದ್ರ ಆಚಿ ಊರು ಬಾಲಗಾಂವದಾಗ ಎಮ್ಮಿ ಕಣ್ಣಿ ಹರಕೊಂಡು ಓಡ್ತಾವ್ರಿ!"

ನಾನು ಅವನ ಕಾಲು ತುಳಿದೆ.

"ಯಾಕೋ ತಮ್ಮಾ ಕಾಲ ತುಳೀತಿ?" ಎಂದ ಗಟ್ಟಿಯಾಗಿ. "ಇದು ಸಣ್ಣ ಡೊಳ್ಳಿನ ಮಾತು. ದೊಡ್ಡದರದು ಇನ್ನೂ ಹೇಳೇ ಇಲ್ಲ."

ಸಾಹೇಬರು ಸಾವಕಾಶ ಬರೆದರು: ಅರ್ಜಿದಾರರ ಹೇಳಿಕೆಯಿಂದಲೇ ದನಕರುಗಳಿಗೆ ತೊಂದರೆಯೆಂದು ತಿಳಿದುಬರುವುದರಿಂದ ಪರವಾನಗಿ ಇಲ್ಲ.

೩. ಸಪ್ಪಳಿಲ್ಲದ ಡೊಳ್ಳು

ಮುಂದಿನ ಬೇಸಿಗೆ ಮತ್ತೆ ಅರ್ಜಿ, ಮತ್ತೆ ಇಲ್ಲ. ಈ ಸಲದ ಉತ್ತರವನ್ನು ನಾನು ನಾಲ್ಕು ಸಲ ಓದಿದೆ. ಬಾರಿಸಬಾರದು ಎಂದಿತ್ತು. ಕುಣಿಯಬಾರದು ಎಂದಿರಲಿಲ್ಲ. ನನಗೆ ರೆಕ್ಕೆ ಬಂದವು.

"ಮುತ್ಯಾ, ಡೊಳ್ಳು ಹಾಕ್ಕೊಳ್ರಿ. ಕುಣೀರಿ. ಕೋಲು ಮಾತ್ರ ಚರ್ಮಕ್ಕ ತಾಗಬಾರದು. ಮುಂಬಯಿ ಗಿಂಬಯಿ ಎಲ್ಲಾ ನಾಚಬೇಕು ನೋಡ್ರಿ."

ಬಾಡಿಗೆಗೆ ಒಂದು ಗ್ಯಾಸ್ ಬತ್ತಿ ತಂದೆ. ಶನಿವಾರ ಸಂಜೆ ಬಯಲಿನಲ್ಲಿ ಮೂವತ್ತು ನಾಲ್ವತ್ತು ಮಂದಿ ಕೂಡಿದರು. ಆರು ಜನ ಡೊಳ್ಳು ಕಟ್ಟಿಕೊಂಡು ಕುಣಿಯತೊಡಗಿದರು. ಕೋಲು ಮೇಲೆ ಹೋಗುತ್ತಿತ್ತು, ಬರುತ್ತಿತ್ತು, ಚರ್ಮದಿಂದ ಬೊಟ್ಟಿನಷ್ಟು ಈಚೆ ನಿಲ್ಲುತ್ತಿತ್ತು. ಉಸಿರು, ಹೆಜ್ಜೆ, ಗ್ಯಾಸ್ ಬತ್ತಿಯ ಸುಂಯ್ ಸಪ್ಪಳ. ಅಷ್ಟೇ. ಮಂದಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎಲ್ಲರೂ ಕೈ ಕಟ್ಟಿ, ತಲೆ ಬಾಗಿಸಿ ಕುಳಿತರು. ಹಗಲೆಲ್ಲ ದುಡಿದವರು, ಕೆಲವರಿಗೆ ಕಣ್ಣಲ್ಲಿ ನೀರಾಡುವಷ್ಟು ಆಕಳಿಕೆ.

ಅಷ್ಟರಲ್ಲಿ ಹವಾಲ್ದಾರ ಬಂದ. ಜಗಳ ಸಿಗುತ್ತದೆಂದು ನಾನು ಎದೆ ಸೆಟೆಸಿ ನಿಂತೆ. ಭಾಷಣವೂ ಬಾಯಿಪಾಠವಾಗಿತ್ತು. ಅವನು ಮಂದಿಯನ್ನು ನೋಡಿದ, ಕುಣಿಯುವವರನ್ನು ನೋಡಿದ. ಮೆಲ್ಲನೆ ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ನನ್ನ ಕಿವಿಯ ಹತ್ತಿರ ಬಂದು ಕೇಳಿದ:

"ಯಾರು ತೀರಿಕೊಂಡಾರ್ರಿ?"

೪. ಇವರ ಕುರಿ ಎಲ್ಲಿ?

ಮೂರನೆಯ ಅರ್ಜಿಗೂ ಇಲ್ಲ ಎಂದು ಬಂದ ವಾರವೇ ಷಡ್ಡಕನ ಪತ್ರ ಬಂತು. ಮುಂಬಯಿಯಲ್ಲಿ ಬೇಸಿಗೆಯ ದೊಡ್ಡ ಕಾರ್ಯಕ್ರಮವಂತೆ. ಊರೂರಿನ ಹಾಡು, ಕುಣಿತ. ಚಪ್ಪರ ಹಾಕುವವನು ಅವನಿಗೆ ಗುರುತು. ಮುತ್ಯಾನ ಮೇಳಕ್ಕೆ ಒಂದು ರಾತ್ರಿ ಗೊತ್ತು ಮಾಡಿದ್ದಾನೆ. ರೈಲಿನ ಖರ್ಚು ಅವರದೇ.

"ಹೋಗಬ್ಯಾಡ್ರಿ" ಎಂದೆ ನಾನು. "ಮೊದಲ ನಮ್ಮ ಊರಾಗ ಬಾರಿಸಬೇಕು."

ಮುತ್ಯಾ ಸಿಟ್ಟಾಗಲಿಲ್ಲ. "ತಮ್ಮಾ, ಬಾರಿಸಾಕ ಜಾಗಾ ಕೊಟ್ಟಲ್ಲಿ ಬಾರಿಸ್ತೀನಿ. ನನ್ನವು ಇನ್ನ ಎಷ್ಟು ಬ್ಯಾಸಿಗಿ ಉಳದಾವು?"

ಅಂಗಡಿಗೆ ಕೀಲಿ ಹಾಕಿ ನಾನೂ ಹೊರಟೆ. ಮುಂಬಯಿಯಲ್ಲಿ ತಪ್ಪು ಹುಡುಕಲು ಒಬ್ಬ ಬೇಕಲ್ಲ.

ಹೋದ ದಿನವೇ ಷಡ್ಡಕ ನಮ್ಮನ್ನು ಸಮುದ್ರದ ದಂಡೆಗೆ ಕರೆದುಕೊಂಡು ಹೋದ. ರಾತ್ರಿ ಹತ್ತು ಹೊಡೆದಿತ್ತು. ಸಾವಿರಾರು ಮಂದಿ ಉಸುಕಿನಲ್ಲಿ ಕುಳಿತಿದ್ದರು. ಕೂಸುಗಳು, ಮುದುಕರು, ಹೆಂಗಸರು. ಮುತ್ಯಾ ಬಹಳ ಹೊತ್ತು ನಿಂತು ನೋಡಿದ.

"ತಮ್ಮಾ, ಇವರ ಕುರಿ ಎಲ್ಲಿ?"

"ಇವರಿಗೆ ಕುರಿ ಇಲ್ಲ ಮುತ್ಯಾ."

"ಹಂಗಾರ ರಾತ್ರಿ ಯಾಕ ಎಚ್ಚರ ಕುಂತಾರ?" ಹಟ್ಟಿಗೆ ತೋಳ ಬರುತ್ತದೆಂದು ಹುಟ್ಟಿದಾಗಿನಿಂದ ರಾತ್ರಿ ಎಚ್ಚರವಿದ್ದವನು ಅವನು. ಕೆಲಸವಿಲ್ಲದೆ ಎಚ್ಚರವಿರುವ ಮಂದಿಯನ್ನು ಅವನು ಕಂಡೇ ಇರಲಿಲ್ಲ.

"ಮಜಾಕ್ಕ ಕುಂತಾರ್ರಿ" ಎಂದ ಷಡ್ಡಕ.

ಮುತ್ಯಾ ನಂಬಲಿಲ್ಲ. ಅಲ್ಲಿರುವಷ್ಟು ಹೊತ್ತೂ ಬಡಿಗೆ ಹಿಡಿದು ಕತ್ತಲೆಯ ಕಡೆ ಮುಖ ಮಾಡಿಯೇ ನಿಂತ.

ಮುತ್ಯಾನನ್ನು ನೋಡಿ ನಗುತ್ತಿದ್ದ ನನಗೂ ಅಲ್ಲೇ ಒಂದು ಕಾದಿತ್ತು. ರಸ್ತೆಯ ದೀಪದ ಕೆಳಗೆ ಬೆಂಚು, ಬೆಂಚಿನ ಮೇಲೆ ಒಬ್ಬ ಮರಾಠಿ ಪತ್ರಿಕೆ ಓದುತ್ತಿದ್ದ. ರಾತ್ರಿ ಹತ್ತೂವರೆಗೆ! ಬಿಟ್ಟಿ ಬೆಳಕಿನಲ್ಲಿ! ನಾನು ಅಕ್ಷರ ಕಲಿತದ್ದು ಕಂದೀಲಿನಲ್ಲಿ. "ಎಣ್ಣಿ ಯಾರಪ್ಪ ತರ್ತಾನ?" ಎಂದು ಅಪ್ಪ ಅದನ್ನು ಊದಿ ಆರಿಸುತ್ತಿದ್ದ. ಅರ್ಧ ವಾಕ್ಯ ಕತ್ತಲೆಯಲ್ಲಿ ಉಳಿಯುತ್ತಿತ್ತು. ಅಂಥ ಎಷ್ಟು ಅರ್ಧ ವಾಕ್ಯಗಳು ನನ್ನ ತಲೆಯಲ್ಲಿ ಇನ್ನೂ ಹಾಗೇ ಇವೆಯೋ. ಅವನ ಬೆನ್ನ ಹಿಂದೆ ನಿಂತು ನಾನೂ ಓದತೊಡಗಿದೆ. ಕಾಲಂ ಅರ್ಧಕ್ಕೆ ಬಂದಿತ್ತು, ಅವನು ಪುಟ ಮಗುಚಿದ.

ಗಪ್ಪನೆ ಅವನ ಕೈ ಹಿಡಿದೆ. "ತಡೀರಿ! ನಂದಿನ್ನೂ ಮುಗದಿಲ್ಲ!"

ಅವನು ಪತ್ರಿಕೆಯನ್ನು ಅಲ್ಲೇ ಬಿಟ್ಟು ಎದ್ದು ಓಡಿದ. ನಾನು ಜಾಹೀರಾತು ಸಹಿತ ಎಲ್ಲವನ್ನೂ ಓದಿ ಮುಗಿಸಿಯೇ ಎದ್ದೆ.

೫. ವನ್ಸ್ ಮೋರ್

ಮರುದಿನ ರಾತ್ರಿ ಕಾರ್ಯಕ್ರಮ. ದೊಡ್ಡ ಚಪ್ಪರ, ಬಣ್ಣದ ದೀಪ, ಸಾಲು ಸಾಲು ಕುರ್ಚಿ. ನಮ್ಮವರು ಹಣೆಗೆ ಅರಿಷಿಣದ ಭಂಡಾರ ಬಳಿದು, ರುಮಾಲು ಸುತ್ತಿ ಪರದೆಯ ಹಿಂದೆ ನಿಂತರು. ಮುತ್ಯಾ ಒಂದು ಪೆಟ್ಟು ಹಾಕಿ ನೋಡಿದ. ಬೊದ್ ಎಂದಿತು.

ನಮ್ಮ ಬೇಸಿಗೆಯಲ್ಲಿ ಡೊಳ್ಳಿನ ಚರ್ಮ ಒಣಗಿ ಖಣಖಣ ಅನ್ನುತ್ತದೆ. ಸಮುದ್ರದ ಗಾಳಿಗೆ ಅದು ಬೆವರಿ ಮೆತ್ತಗಾಗಿತ್ತು. "ಹಸಿ ಹಿಟ್ಟು ಬಡದಂಗ ಆಗ್ತದಲ್ಲೋ!" ಎಂದ ಮುತ್ಯಾ. ಮಳೆಗಾಲದಲ್ಲಿ ಹೀಗಾದರೆ ನಮ್ಮ ಕುರುಬರು ಏನು ಮಾಡುತ್ತಾರೋ ಅದನ್ನೇ ಮಾಡಿದರು. ಕಬ್ಬಿನ ಹಾಲು ಮಾರುವವನ ಹತ್ತಿರ ಬಿದ್ದಿದ್ದ ಸಿಪ್ಪೆ ತಂದರು, ಮುರಿದ ಕುರ್ಚಿಯ ಕಾಲು ತಂದರು, ಪರದೆಯ ಹಿಂದೆ ಬೆಂಕಿ ಹಾಕಿ ಡೊಳ್ಳು ಕಾಸತೊಡಗಿದರು. ಚರ್ಮ ಬಿಗಿಯಿತು. ಮುತ್ಯಾ ಬೆರಳಿನಿಂದ ತಟ್ಟಿ "ಈಗ ಬಂತು ನೋಡು ನಮ್ಮೂರ ದನಿ" ಎಂದ. ಆರೂ ಮಂದಿ ರಂಗದ ಮೇಲೆ ನುಗ್ಗಿದರು.

ಹಿಂದೆ ಹೊಗೆ ಚಪ್ಪರದ ಮೇಲಕ್ಕೆ ಏರಿತ್ತು. ಯಾರೋ ಸುದ್ದಿ ಮುಟ್ಟಿಸಿದರು. ಬೆಂಕಿ ಆರಿಸುವ ಬಂಬು ಗಾಡಿ ಢಣ ಢಣ ಗಂಟೆ ಬಾರಿಸುತ್ತ ಒಳಗೇ ಬಂತು. ಮುತ್ಯಾ ಬೆದರಲಿಲ್ಲ. "ಜೋಡಿಗೆ ಗಂಟಿನೂ ಕೊಟ್ಟಾರ್ಲೇ, ಹಿಡೀರಿ ತಾಳಾ!" ಎಂದು ಕೂಗಿ ಡೊಳ್ಳನ್ನು ಗಂಟೆಗೆ ಹೊಂದಿಸಿದ. ಢಣ ಢಣ, ಢಂ ಢಂ. ಮಂದಿ ಇದೂ ಕಾರ್ಯಕ್ರಮವೆಂದೇ ತಿಳಿದು ಎದ್ದು ನಿಂತರು. ಬಂಬಿನವರು ಬೆಂಕಿ ತುಳಿದು ಆರಿಸಿ, ಪೈಪು ಹೆಗಲಿಗೇರಿಸಿ, ತಾವೂ ತಲೆದೂಗುತ್ತ ನಿಂತರು.

ಮುಂದಿನ ಸಾಲಿನಲ್ಲಿ ಒಬ್ಬರು ಕುರ್ಚಿಯ ಮೇಲೆಯೇ ಹತ್ತಿ, ಟೊಪ್ಪಿಗೆ ಬೀಸುತ್ತ "ವನ್ಸ್ ಮೋರ್! ವನ್ಸ್ ಮೋರ್!" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದರು. ಯಾರೆಂದು ನೋಡಿದೆ. ನಮ್ಮ ಪರವಾನಗಿ ಸಾಹೇಬರು.

ಮುಗಿದ ಮೇಲೆ ಅವರ ಎದುರಿಗೆ ಹೋಗಿ ನಿಂತೆ. "ಸಾಹೇಬ್ರ, ನೀವು ಇಲ್ಲಿ?"

"ರಜಾ ಹಾಕಿ ಬಂದೀನ್ರಿ" ಎಂದರು ಬೆವರು ಒರೆಸಿಕೊಳ್ಳುತ್ತ. "ಬ್ಯಾಸಿಗ್ಯಾಗ ಜತ್ತದಾಗ ಏನೈತಿ ಹೇಳ್ರಿ? ಹೊತ್ತು ಮುಳುಗಿದ್ರ ಒಂದು ಹಾಡಿಲ್ಲ, ಒಂದು ಕುಣಿತಿಲ್ಲ. ಬ್ಯಾಸರಾಗಿ ಸಾಯಬೇಕು. ಅದಿರಲಿ, ಏನು ಡೊಳ್ಳ್ರೀ ಅದು! ಯಾವ ಊರಿನವರು ಇವರು?"

"ಬೆಳುಂಕಿಯವರು" ಎಂದೆ. ಭಂಡಾರ, ರುಮಾಲಿನಲ್ಲಿ ಅರ್ಜಿಯ ಅಜ್ಜನ ಗುರುತು ಅವರಿಗೆ ಸಿಕ್ಕಿರಲಿಲ್ಲ.

"ನಮ್ಮ ಬೆಳುಂಕಿ?" ಸಾಹೇಬರ ಮುಖ ನಿಜವಾಗಿ ಬಾಡಿತು. "ಅಷ್ಟು ಸಮೀಪ ಇದ್ದೂ ನಮಗ ಕೇಳಾಕ ಸಿಗಲಿಲ್ಲಲ್ರಿ! ಇಂಥಾವರನ್ನ ಮನ್ಯಾಗ ಕೂಡಿಸಿ ಇಟ್ಟೀರಲ್ಲ, ಏನು ಮಂದಿ ಅದೀರಿ ನೀವು?" ನನ್ನ ಹೆಗಲ ಮೇಲೆ ಕೈ ಇಟ್ಟು, ತಿಳಿಯದವನಿಗೆ ಬುದ್ಧಿ ಹೇಳುವಂತೆ ಹೇಳಿದರು: "ಒಂದು ಅರ್ಜಿ ಕೊಡಬಾರದೇನ್ರಿ?"

ಊರಿಗೆ ಬಂದು ಕೊಟ್ಟೆ. ನಾಲ್ಕನೆಯದು. ಹಿಂದಿನ ಮೂರು ಅರ್ಜಿಗಳಿಗೆ ಪರವಾನಗಿ ಇಲ್ಲದ್ದರಿಂದ ಇದಕ್ಕೂ ಇಲ್ಲ ಎಂದು ಬಂತು. ಸಹಿ ಅದೇ.

ಈಗ ಮುಂಬಯಿಯಿಂದ ಮತ್ತೆ ಪತ್ರ ಬಂದಿದೆ. ಬರುವ ವರ್ಷ ಮುತ್ಯಾನ ಮೇಳ ಇಡೀ ಬೇಸಿಗೆ ಅಲ್ಲೇ ಇರಬೇಕಂತೆ. ಮುತ್ಯಾ ಇನ್ನೂ ಹೂಂ ಅಂದಿಲ್ಲ. ನಮ್ಮ ಮುಖ ನೋಡುತ್ತಿದ್ದಾನೆ. ಅವನು ಹೋದರೆ ಹೊಟ್ಟೆಕಿಚ್ಚು ಪಡುವುದಕ್ಕೂ ನಮ್ಮಲ್ಲಿ ಏನೂ ಉಳಿಯುವುದಿಲ್ಲ.

ನಾನು ಇನ್ನು ಅರ್ಜಿ ಬರೆಯುವುದಿಲ್ಲ. ಬರುವ ಶನಿವಾರ ದೀಪ ಹಚ್ಚುವ ಹೊತ್ತಿಗೆ ಮುತ್ಯಾ ಬಯಲಿನಲ್ಲಿ ಬಾರಿಸುತ್ತಾನೆ, ಕೋಲು ಚರ್ಮಕ್ಕೆ ತಾಗುವಂತೆ ಬಾರಿಸುತ್ತಾನೆ. ಇದನ್ನು ಓದಿ ನಕ್ಕವರೆಲ್ಲ ಬರ್ರಿ. ಕಂದೀಲು ತರ್ರಿ, ಚಾಪಿ ತರ್ರಿ, ಹೆಣ್ಣುಮಕ್ಕಳನ್ನ ಕರಕೊಂಡು ಬರ್ರಿ. ನಡುವ ಕುಂದ್ರಿ. ಎಬ್ಬಿಸಾಕ ಬಂದವರಿಗೂ ಸರದು ಜಾಗಾ ಕೊಡ್ರಿ. ಆದ್ರ ಏಳಬ್ಯಾಡ್ರಿ.